ಡಿಸ್ಕೊ ಬೀಟಿಗೆ ಹತ್ತು ರಾಗ

1982ರಲ್ಲಿ ಬೊಂಬಾಯಿಯ ಸ್ಟುಡಿಯೊ ಕಲಾವಿದರೊಬ್ಬರು ಮೂರು ಎಲೆಕ್ಟ್ರಾನಿಕ್ ಯಂತ್ರ ಮುಂದಿಟ್ಟುಕೊಂಡು ಹತ್ತು ರಾಗ ನುಡಿಸಿದರು. ಪಕ್ಕದಲ್ಲಿ ತಬಲಾ ಇಲ್ಲ, ಸಾರಂಗಿ ಇಲ್ಲ. ತಾಳಕ್ಕೆ ಡ್ರಮ್ ಮೆಷಿನ್, ಬೇಸ್ ಅಂದರೆ ಕೆಳಗಿನ ದಪ್ಪ ಸ್ವರಗಳಿಗೆ ಇನ್ನೊಂದು ಪುಟ್ಟ ಪೆಟ್ಟಿಗೆ, ರಾಗಕ್ಕೆ ಸಿಂಥಸೈಸರ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡ್. ಎಚ್‌ಎಂವಿ ಅದನ್ನು ಎಲ್‌ಪಿ ಮಾಡಿ ಹೊರತಂದಿತು. ಹೆಸರು ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’. ನುಡಿಸಿದವರು ಚರಣ್‌ಜಿತ್ ಸಿಂಗ್. ರೆಕಾರ್ಡ್ ಓಡಲಿಲ್ಲ. ಅಂಗಡಿಯಿಂದ ಮಾಯವಾಯಿತು, ಜನರ ನೆನಪಿನಿಂದಲೂ ಹೋಯಿತು.

ಇಪ್ಪತ್ತು ವರ್ಷ ಕಳೆದ ಮೇಲೆ, 2002ರಲ್ಲಿ, ಎಡೊ ಬೌಮನ್ ಎಂಬ ಡಚ್ ರೆಕಾರ್ಡ್ ಸಂಗ್ರಾಹಕರಿಗೆ ದೆಹಲಿಯಲ್ಲಿ ಅದರ ಒಂದು ಪ್ರತಿ ಸಿಕ್ಕಿತು. ಕೇಳಿ ಬೆರಗಾದ ಅವರು ಚರಣ್‌ಜಿತ್ ಅವರನ್ನು ಹುಡುಕಿಕೊಂಡು ಮುಂಬೈಗೆ ಹೋದರು. 2010ರಲ್ಲಿ ತಮ್ಮ ‘ಬಾಂಬೆ ಕನೆಕ್ಷನ್’ ಲೇಬಲ್ಲಿನಿಂದ ರೆಕಾರ್ಡನ್ನು ಮತ್ತೆ ಬಿಡುಗಡೆ ಮಾಡಿದರು. ಆಗ ಶುರುವಾಯಿತು ಗದ್ದಲ. ಅಮೆರಿಕದ ಶಿಕಾಗೊದಲ್ಲಿ 1987ರಲ್ಲಿ ಹುಟ್ಟಿತು ಎಂದು ಎಲ್ಲರೂ ನಂಬಿದ್ದ ‘ಆಸಿಡ್ ಹೌಸ್’ ಎಂಬ, ಕ್ಲಬ್ಬುಗಳಲ್ಲಿ ಕುಣಿಯುವ ಎಲೆಕ್ಟ್ರಾನಿಕ್ ಸಂಗೀತದ ಸದ್ದು ಐದು ವರ್ಷ ಮೊದಲೇ ಬೊಂಬಾಯಿಯಲ್ಲಿ ಕೇಳಿಬಂದಿತ್ತು ಅಲ್ವಾ? ಇದು ನಿಜವಾದ ಹಳೇ ರೆಕಾರ್ಡೇ ಅಲ್ಲ, ಯಾರೋ ಯೂರೋಪಿನ ಸಂಗೀತಗಾರ ಸುಳ್ಳು ಹೆಸರಿಟ್ಟುಕೊಂಡು ಮಾಡಿರೋದು ಎಂದು ಅನುಮಾನಪಟ್ಟವರೂ ಇದ್ದರು.

ಈ ರೆಕಾರ್ಡ್ ಬಗ್ಗೆ ಎಲ್ಲೇ ಓದಿ, ಇದೇ ಕತೆ. ಕಾಲಕ್ಕಿಂತ ಮುಂದಿದ್ದ ಮನುಷ್ಯ, ಗೊತ್ತಿಲ್ಲದೇ ಒಂದು ಹೊಸ ಸಂಗೀತ ಕಂಡುಹಿಡಿದ. ನನಗೆ ಈ ಕತೆ ಸಮಾಧಾನ ಕೊಡುವುದಿಲ್ಲ. ಇದರಲ್ಲಿ ರಾಗಗಳೇ ಕಾಣೆಯಾಗಿವೆ. ರೆಕಾರ್ಡಿನ ಹೆಸರಲ್ಲೇ ರಾಗ ಇದೆ, ಹತ್ತೂ ಟ್ರ್ಯಾಕಿನ ಹೆಸರು ರಾಗದ್ದೇ. ಆದರೂ ಹೊಗಳುವವರೆಲ್ಲ ಹೊಗಳುವುದು ಹಿಂದೆ ಗುಡುಗುಡು ಅನ್ನುವ ಆ ಬೇಸನ್ನು. ಚರಣ್‌ಜಿತ್ ಸಿಂಗ್ ರಾಗ ಹೇಗೆ ನುಡಿಸಿದ್ದಾರೆ ಎಂದು ಕೇಳುವ ಕಿವಿ ನಮ್ಮ ಕಡೆ ಇದೆ. ನಾವು ಕೇಳಬೇಕು.

ನಾನು ಇದನ್ನು ಮೊದಲ ಸಲ ಪೂರ್ತಿ ಕೇಳಿದ್ದು ಮೆಟ್ರೊದಲ್ಲಿ, ಬನಶಂಕರಿಯಿಂದ ಮೆಜೆಸ್ಟಿಕ್ ಕಡೆ ಹೋಗುವಾಗ. ಮೊದಲನೇ ಟ್ರ್ಯಾಕ್ ಭೈರವ್. ಡ್ರಮ್ ಮೆಷಿನ್ ಟಕ್ ಟಕ್ ಎಂದು ಶುರುವಾಗಿ, ಮೇಲೆ ಸ್ವರ ಬಂದ ಕೂಡಲೇ ಬೆರಳು ತಾನಾಗಿ ತೊಡೆ ಮೇಲೆ ತಾಳ ಹಾಕಿತು. ಹಿಂದೂಸ್ತಾನಿಯ ಭೈರವ್ ಅಂದರೆ ನಮ್ಮ ಕರ್ನಾಟಕ ಸಂಗೀತದ ಮಾಯಾಮಾಳವಗೌಳದ ಸ್ವರಗಳೇ. ಬಸವನಗುಡಿ, ಮಲ್ಲೇಶ್ವರ, ಜಯನಗರದ ಯಾವ ಬೀದಿಯಲ್ಲಿ ಸಂಜೆ ನಡೆದರೂ ಯಾರದೋ ಮನೆಯಿಂದ ಕೇಳುವ ಸರಳೆ ವರಸೆ ಇದೇ ಸ್ವರಗಳಲ್ಲಿ. ಚಿಕ್ಕಂದಿನಲ್ಲಿ ಸ್ಕೂಲು ಬಿಟ್ಟ ಮೇಲೆ ಸಂಗೀತದ ಮೇಷ್ಟ್ರ ಮನೆಗೆ ಹೋಗಿ ಚಾಪೆ ಮೇಲೆ ಕೂತವರಿಗೆಲ್ಲ ಇದು ಮೊದಲ ರಾಗ. ಅದನ್ನು ಡಿಸ್ಕೊ ಬೀಟಿನ ಮೇಲೆ, ಇಷ್ಟು ಜೋರಾದ ಓಟದಲ್ಲಿ ಕೇಳಿದಾಗ ನಗು ಬರಬೇಕಿತ್ತೇನೋ. ಬರಲಿಲ್ಲ. ರಾಗ ಗಟ್ಟಿಯಾಗಿ ನಿಂತಿತ್ತು.

ಹತ್ತು ರಾಗ ಯಾವುವು ನೋಡಿ. ಭೈರವ್, ಲಲಿತ್, ಭೂಪಾಲಿ, ತೋಡಿ, ಮಧುವಂತಿ, ಮೇಘ್ ಮಲ್ಹಾರ್, ಯಮನ್, ಕಲಾವತಿ, ಮಾಲ್‌ಕೌಂಸ್, ಬೈರಾಗಿ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇದರಲ್ಲಿ ಅಪರಿಚಿತರು ಕಡಿಮೆ. ಭೂಪಾಲಿ ಕೇಳಿದರೆ ಮೋಹನ ನೆನಪಾಗುತ್ತದೆ. ಯಮನ್ ನಮ್ಮ ಕಲ್ಯಾಣಿಯ ನೆಂಟ. ಮಾಲ್‌ಕೌಂಸ್ ಹಿಂದೋಳ. ಕಲಾವತಿ ನಮ್ಮ ವಲಜಿ, ಬೈರಾಗಿ ನಮ್ಮ ರೇವತಿ. ಮಧುವಂತಿಗೆ ಧರ್ಮವತಿಯ ಸ್ವರಗಳು. ಮೇಘ್ ಮಲ್ಹಾರ್ ಮಧ್ಯಮಾವತಿಗೆ ಹತ್ತಿರ. ತೋಡಿ ಮಾತ್ರ ನಮ್ಮ ತೋಡಿ ಅಲ್ಲ, ಅದರ ಸ್ವರಗಳು ಶುಭಪಂತುವರಾಳಿಯವು. ನಡೆ ಬೇರೆ, ಗಮಕ ಬೇರೆ, ಅದು ನಿಜ. ಆದರೆ ಬಾಗಿಲು ತಟ್ಟಿದರೆ ಒಳಗಿರುವವರು ಯಾರು ಎಂದು ಗೊತ್ತಾಗುತ್ತದೆ.

ಜೋಡಿಸಿದ ಕ್ರಮದಲ್ಲೂ ಒಂದು ಲೆಕ್ಕ ಇದೆ ಎಂದು ನನಗೆ ಅನ್ನಿಸುತ್ತದೆ. ಭೈರವ್, ಲಲಿತ್ ಬೆಳಗಿನ ಜಾವದವು. ತೋಡಿಗೆ ಬಿಸಿಲು ಏರುತ್ತದೆ, ಮಧುವಂತಿ ಮಧ್ಯಾಹ್ನದ್ದು. ಯಮನ್‌ಗೆ ದೀಪ ಹಚ್ಚುವ ಹೊತ್ತು. ಕಲಾವತಿ, ಮಾಲ್‌ಕೌಂಸ್ ರಾತ್ರಿಯವು. ಕೊನೆಗೆ ಬೈರಾಗಿ ಬಂದು ಮತ್ತೆ ಬೆಳಗಾಗುತ್ತದೆ. ಭೂಪಾಲಿ ಒಂದು ಈ ಸಾಲಿನಲ್ಲಿ ಕೂರುವುದಿಲ್ಲ, ಅದು ಸಂಜೆಯ ಮೇಲಿನ ರಾಗ. ಮಳೆಯ ಮೇಘ್ ಮಲ್ಹಾರ್‌ಗೆ ಹೊತ್ತಿನ ಹಂಗು ಅಷ್ಟಿಲ್ಲ. ಹಾಗಿದ್ದರೂ ಒಂದು ದಿನ ಪೂರ್ತಿ ಸುತ್ತಿ ಬಂದ ಹಾಗಾಗುತ್ತದೆ. ಇದು ಗೊತ್ತಿಲ್ಲದೇ ಆಗುವ ಕೆಲಸ ಅಲ್ಲ.

ಹಾಗಾದರೆ ಈ ಮನುಷ್ಯ ಯಾರು? ಹಿಂದಿ ಸಿನಿಮಾದ ದೊಡ್ಡ ದೊಡ್ಡ ವಾದ್ಯಗೋಷ್ಠಿಗಳಲ್ಲಿ ಬೇಸ್ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದವರು. ಶಂಕರ್-ಜೈಕಿಶನ್, ಆರ್. ಡಿ. ಬರ್ಮನ್ ಅಂಥವರ ರೆಕಾರ್ಡಿಂಗುಗಳಲ್ಲಿ ಕೂತವರು. ಸಿನಿಮಾ ಹಾಡುಗಳನ್ನೇ ವಾದ್ಯದಲ್ಲಿ ನುಡಿಸಿ ಎಲ್‌ಪಿ ಮಾಡುತ್ತಿದ್ದರು. ಮದುವೆಗಳಲ್ಲಿ ಅವರದ್ದೇ ಆರ್ಕೆಸ್ಟ್ರಾ ಇತ್ತು. ಅಂದರೆ ಕೂಲಿಗೆ ನುಡಿಸುವ ಕಲಾವಿದರು. ಬರೆದದ್ದನ್ನು ನೋಡಿ, ಹೇಳಿದ ಹಾಗೆ ನುಡಿಸಿ, ಸಂಜೆಗೆ ಪೇಮೆಂಟ್ ತೆಗೆದುಕೊಂಡು ಮನೆಗೆ ಹೋಗುವವರು. ಶಾಸ್ತ್ರೀಯ ಸಂಗೀತದವರಿಗೆ ಅವರು ಸಿನಿಮಾದವರು. ಸಿನಿಮಾದವರಿಗೆ ಅವರು ವಾದ್ಯದವರು. ರಾಗ ಇಟ್ಟುಕೊಂಡು ಡಿಸ್ಕೊ ಮಾಡಿದ್ದರಿಂದ ಎರಡೂ ಮನೆಗೆ ಹೊರಗಿನವರಾದರು. ಉಳಿದ ರೆಕಾರ್ಡುಗಳೆಲ್ಲ ಬೇರೆಯವರ ಹಾಡು, ಇದೊಂದು ತನ್ನದು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಈ ಜಾತಿಯ ಕಲಾವಿದರು ನಮ್ಮೂರಲ್ಲಿ ತುಂಬ ಇದ್ದಾರೆ. ನನ್ನ ಸೋದರಮಾವನೇ ಒಬ್ಬರು. ರಾಜಾಜಿನಗರದಲ್ಲಿ ಮನೆ. ಹಗಲು ಬೇರೆ ಕೆಲಸ, ಗಣೇಶನ ಸೀಸನ್ ಬಂತೆಂದರೆ ರಾತ್ರಿಯೆಲ್ಲ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್. ರಾಜ್‌ಕುಮಾರ್ ಹಾಡು, ಎಸ್‌ಪಿಬಿ ಹಾಡು, ಯಾರು ಚೀಟಿ ಕಳಿಸಿದರೂ ಆ ಕ್ಷಣಕ್ಕೆ ನುಡಿಸಬೇಕು. ‘ಗೀತಾ’ ಸಿನಿಮಾದ ಡಿಸ್ಕೊ ಹಾಡು ಕೇಳದ ಬೀದಿ ಇಲ್ಲ. ಅದು 1981ರ ಸಿನಿಮಾ. ಅಂದರೆ ಚರಣ್‌ಜಿತ್ ಅವರು ಈ ರೆಕಾರ್ಡ್ ಮಾಡುವ ಹೊತ್ತಿಗೆ ಡಿಸ್ಕೊ ಗಾಳಿ ಕನ್ನಡಕ್ಕೂ ಬೀಸಿತ್ತು.

ಆ ಗಾಳಿಯ ಒಂದು ಬೇರು ಬೆಂಗಳೂರಿನಲ್ಲೇ ಇದೆ ಎನ್ನುವುದು ನನಗೆ ಬಹಳ ಖುಷಿ ಕೊಡುವ ವಿಷಯ. ಸಂಗೀತ ನಿರ್ಮಾಪಕ ‘ಬಿದ್ದು’ ಅಪ್ಪಯ್ಯ ಹುಟ್ಟಿದ್ದು ಇಲ್ಲಿ. ಇಲ್ಲೇ ಬ್ಯಾಂಡ್ ಕಟ್ಟಿ ಹಾಡಿ, 60ರ ದಶಕದಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಅವರು ಪ್ರೊಡ್ಯೂಸ್ ಮಾಡಿದ ‘ಕುಂಗ್ ಫೂ ಫೈಟಿಂಗ್’ ಹಾಡು ಜಗತ್ತೆಲ್ಲ ಹಬ್ಬಿತು. 1980ರಲ್ಲಿ ‘ಕುರ್ಬಾನಿ’ ಸಿನಿಮಾಕ್ಕೆ ಅವರು ಮಾಡಿಕೊಟ್ಟ ಒಂದೇ ಒಂದು ಹಾಡು, ಲಂಡನ್ನಿನ ಹುಡುಗಿ ನಾಜಿಯಾ ಹಸನ್ ಹಾಡಿದ್ದು, ಹಿಂದಿ ಸಿನಿಮಾವನ್ನು ಡಿಸ್ಕೊ ಹಿಂದೆ ಓಡಿಸಿತು. ಎಲ್ಲಿ ನೋಡಿದರೂ ಡಿಸ್ಕೊ. ಚರಣ್‌ಜಿತ್ ಅವರೂ ಅದನ್ನೇ ಹೇಳಿದ್ದಾರೆ: ಸಿನಿಮಾದಲ್ಲಿ ಡಿಸ್ಕೊ ಜಾಸ್ತಿಯಾಗಿತ್ತು, ತಬಲಾ ತೆಗೆದು ಆ ಬೀಟಿಗೇ ರಾಗ ನುಡಿಸಿದರೆ ಹೇಗೆ ಎಂದು ಯೋಚನೆ ಬಂತು. ಅಷ್ಟೇ. ಕಾಲಕ್ಕಿಂತ ಮುಂದೆ ಓಡಿದವರಲ್ಲ ಅವರು. ತಮ್ಮ ಕಾಲದ ನಟ್ಟ ನಡುವೆ ನಿಂತು, ಕೈಗೆ ಸಿಕ್ಕ ಹೊಸ ಯಂತ್ರದಲ್ಲಿ ತಾವು ಬಲ್ಲ ಹಳೆಯದನ್ನು ನುಡಿಸಿದವರು.

ಯಂತ್ರಗಳ ವಿಷಯ ಸ್ವಲ್ಪ ಹೇಳಲೇಬೇಕು. ಮೂರೂ ಜಪಾನಿನ ರೋಲ್ಯಾಂಡ್ ಕಂಪನಿಯವು. ಜುಪಿಟರ್-8 ಎಂಬ ಸಿಂಥಸೈಸರ್, ಒಂದೇ ಸಲಕ್ಕೆ ಎಂಟು ಸ್ವರ ನುಡಿಸಬಲ್ಲದು. ಟಿಆರ್-808 ಎಂಬ ಡ್ರಮ್ ಮೆಷಿನ್. ಮತ್ತು ಟಿಬಿ-303, ಸಿಂಗಾಪುರದಲ್ಲಿ ಕೊಂಡು ತಂದದ್ದು. ಎಲ್ಲ ಗಲಾಟೆಗೂ ಕಾರಣ ಈ 303. ಒಬ್ಬರೇ ಕೂತು ಗಿಟಾರ್ ಅಭ್ಯಾಸ ಮಾಡುವವರಿಗೆ ಬೇಸ್ ಕಲಾವಿದನ ಬದಲಿಗೆ ಇರಲಿ ಎಂದು ಮಾಡಿದ ಪೆಟ್ಟಿಗೆ ಅದು. ಬೇಸ್ ಗಿಟಾರಿನ ಸದ್ದು ಅದರಲ್ಲಿ ಬರಲೇ ಇಲ್ಲ. ಅದರಲ್ಲಿ ಸ್ವರ ಕೂಡಿಸುವುದೂ ತಲೆನೋವು. ಸುಮಾರು 10,000 ಪೆಟ್ಟಿಗೆ ಮಾಡಿ 1984ರಲ್ಲಿ ಕಂಪನಿ ನಿಲ್ಲಿಸಿಬಿಟ್ಟಿತು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಬಿದ್ದಿದ್ದ ಅದು ಶಿಕಾಗೊದ ಹುಡುಗರ ಕೈಗೆ ಸಿಕ್ಕಿತು. ಫ್ಯೂಚರ್ ಎಂಬ ಅವರ ಗುಂಪು 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ತಂದಿತು. ಒಂದೇ ಬೇಸ್ ಸಾಲನ್ನು ಓಡಲು ಬಿಟ್ಟು, ಪೆಟ್ಟಿಗೆಯ ಗುಂಡಿಗಳನ್ನು ತಿರುಗಿಸುತ್ತ ಹೋದರು. ನಾದ ಹಿಗ್ಗಿ ಕುಗ್ಗಿ, ಕಿರುಚಿ ನರಳಿ, ಹತ್ತು ನಿಮಿಷಕ್ಕೂ ಮೀರಿ ಸಾಗುತ್ತದೆ. ಅದೂ ಅದ್ಭುತವಾದ ಸಂಗೀತವೇ. ಆದರೆ ಅಲ್ಲಿ ಸ್ವರ ನಿಂತಲ್ಲೇ ನಿಂತಿರುತ್ತದೆ, ಬದಲಾಗುವುದು ನಾದ. ಚರಣ್‌ಜಿತ್ ಅವರಲ್ಲಿ ನಡೆಯುವುದು ರಾಗ. ಪೆಟ್ಟಿಗೆ ಒಂದೇ, ಕೇಳುವ ಕಿವಿ ಬೇರೆ ಬೇರೆ.

ಮಾಮನಿಗೆ ಇದನ್ನು ಕೇಳಿಸಲೇಬೇಕು ಎಂದು ಒಂದು ಭಾನುವಾರ ಮಧ್ಯಾಹ್ನ ಹೋದೆ. ಊಟ ಮುಗಿದಿತ್ತು. ಅವರು ಕೀಬೋರ್ಡಿನ ಹೊದಿಕೆ ತೆಗೆದು, ಫೋನನ್ನು ಸ್ಪೀಕರಿಗೆ ಸಿಕ್ಕಿಸಿದರು. ಬೇಕೆಂದೇ ಲಲಿತ್ ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಬಲಗೈಯ ಒಂದು ಬೆರಳು ಕೀಲಿಗಳ ಮೇಲೆ ಷಡ್ಜ ಹುಡುಕುತ್ತಿತ್ತು. ಸಿಕ್ಕಿತು.

“ಪಂಚಮ ಮುಟ್ಟುತ್ತಿಲ್ಲ ನೋಡು,” ಎಂದರು. “ಎರಡು ಮಧ್ಯಮ ಅಕ್ಕಪಕ್ಕ ಇಟ್ಟು ಆಟ ಆಡ್ತಿದಾರೆ. ಇದು ಕೈಯಲ್ಲೇ ನುಡಿಸಿರೋದು ಕಣೇ. ಕೆಳಗಡೆ ಓಡ್ತಿರೋದು ಮೆಷಿನ್ನು, ಮೇಲಿರೋದು ಮನುಷ್ಯ.”

ಲಲಿತ್ ರಾಗದ ಜೀವ ಅದೇ. ಪಂಚಮ ಇಲ್ಲ, ಶುದ್ಧ ಮಧ್ಯಮ ಪ್ರತಿ ಮಧ್ಯಮ ಎರಡೂ ಒಂದರ ಪಕ್ಕ ಒಂದು ಬರುತ್ತವೆ. ಹಾಡುವವರು ಆ ಎರಡರ ನಡುವೆ ಜಾರುತ್ತಾರೆ. ಕೀಬೋರ್ಡಿನಲ್ಲಿ ಅವು ಎರಡು ಬೇರೆ ಬೇರೆ ಕೀಲಿ, ನಡುವೆ ಏನೂ ಇಲ್ಲ. ಮಾಮ ನುಡಿಸಿ ತೋರಿಸಿದರು, ಟಕ್ ಟಕ್ ಎಂದು ಒಣಗಿದ ಹಾಗೆ ಕೇಳಿತು. ಆಮೇಲೆ ಎಡಗೈಯನ್ನು ಸ್ವರ ಬಾಗಿಸುವ ಚಕ್ರ, ಬೆಂಡ್ ವ್ಹೀಲ್ ಮೇಲಿಟ್ಟು, ಬಲಗೈ ಕೀಲಿ ಒತ್ತಿದ ಕ್ಷಣಕ್ಕೆ ಅದನ್ನು ಕೂದಲೆಳೆಯಷ್ಟು ತಳ್ಳಿದರು. ಸ್ವರ ಜಾರಿತು. ಮತ್ತೆ ಮಾಡಿದರು, ಈ ಸಲ ಜಾಸ್ತಿ ಆಯಿತು. ಮತ್ತೆ. “ಎಡಗೈಗೆ ಬುದ್ಧಿ ಬೇಕು ಇದಕ್ಕೆ. ಬಲಗೈ ಯಾರು ಬೇಕಾದ್ರೂ ಕಲೀತಾರೆ.” ಜುಪಿಟರ್-8ರಲ್ಲೂ ಎಡಗಡೆ ಇಂಥದ್ದೇ ಒಂದು ಬೆಂಡರ್ ಇರುತ್ತದೆ.

ಬೇಸ್ ಪೆಟ್ಟಿಗೆಯ ಕತೆ ಹೇಳಿದಾಗ ಅವರು ಇನ್ನೂ ಹತ್ತಿರ ಬಂದು ಕೂತರು. 303ರಲ್ಲಿ ಸ್ವರಗಳನ್ನು ಒಂದು ಸಲ, ಅವುಗಳ ಕಾಲವನ್ನು ಇನ್ನೊಂದು ಸಲ ಬೇರೆಯಾಗಿ ಕೂಡಿಸಬೇಕು. ಪಾಶ್ಚಾತ್ಯರಿಗೆ ಇದೇ ದೊಡ್ಡ ಗೊಂದಲವಾಗಿದ್ದು. ಒಂದು ಸಾಲಿಗೆ 16 ಮನೆ. ಯಾವ ಸ್ವರ ಮುಂದಿನದಕ್ಕೆ ಜಾರಬೇಕು ಎಂದು ಗುರುತು ಹಾಕಬಹುದು, ಯಾವುದು ಒತ್ತಿ ಬರಬೇಕು ಎಂದೂ ಹೇಳಬಹುದು. ಮಾಮ ಬೆರಳು ಮಡಿಸುತ್ತ ಲೆಕ್ಕ ಹಾಕಿದರು. “ಹದಿನಾರು ಅಂದ್ರೆ ತೀನ್ ತಾಲ್. ನಮ್ಮ ಆದಿತಾಳಕ್ಕೆ ಎರಡನೇ ಕಾಲ. ಜಾರು ಇದೆ, ಒತ್ತು ಇದೆ. ಇನ್ನೇನು ಬೇಕು? ಅಲಂಕಾರ ಬರೆದ ಹಾಗೇ ಬರೆಯಬಹುದಲ್ಲ.” ನಾನು ಓದಿದ ಯಾವ ಬರಹದಲ್ಲೂ ಈ ಮಾತು ಇರಲಿಲ್ಲ. ಸ್ವರ ಬೇರೆ, ಕಾಲ ಬೇರೆ ಎಂದು ಯೋಚಿಸಿ ಅಭ್ಯಾಸವಿದ್ದ ಒಬ್ಬ ಹಿಂದೂಸ್ತಾನದ ವಾದಕನ ಕೈಗೆ ಆ ಪೆಟ್ಟಿಗೆ ಸುಲಭವಾಗಿ ಒಗ್ಗಿರಬೇಕು. ಗಿಟಾರ್ ಕಲಿಯುವವರಿಗೆಂದು ಮಾಡಿದ ಯಂತ್ರ ರಾಗದವರಿಗೆ ಹೇಳಿ ಮಾಡಿಸಿದ ಹಾಗಿತ್ತು ಎನ್ನುವುದು ನನ್ನ ಗಟ್ಟಿ ನಂಬಿಕೆ.

ಐದು ನಿಮಿಷದ ಆಸುಪಾಸಿನಲ್ಲಿ ಒಂದು ರಾಗ ಮುಗಿಸುವುದು ರಾಗಕ್ಕೆ ಮಾಡಿದ ಅವಮಾನ ಎನ್ನುವವರು ಇದ್ದಾರೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಯಲ್ಲಿ ಮುಕ್ಕಾಲು ಗಂಟೆ ಕಲ್ಯಾಣಿ ಕೇಳಿದವರಿಗೆ ಹಾಗನ್ನಿಸುವುದು ಸಹಜ. ಆದರೆ ನಮ್ಮ ಸಂಗೀತಕ್ಕೆ ಮೂರು ನಿಮಿಷದ ರಾಗ ಹೊಸದಲ್ಲ. 1902ರಲ್ಲಿ ಗಾಯಕಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ರೆಕಾರ್ಡಿಗೆ ಹಾಡಿದಾಗಿನಿಂದ, 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುವಷ್ಟಕ್ಕೆ ರಾಗವನ್ನು ಬಿಗಿಯುವ ಕಲೆ ಇಲ್ಲಿ ಬೆಳೆದಿತ್ತು. (ಅದೇ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.) ದೊಡ್ಡ ದೊಡ್ಡ ಉಸ್ತಾದರೆಲ್ಲ ಆ ಮೂರು ನಿಮಿಷಕ್ಕೆ ತಲೆಬಾಗಿದ್ದಾರೆ. ಸ್ಟುಡಿಯೊದಲ್ಲೇ ಜೀವನ ಕಳೆದ ಚರಣ್‌ಜಿತ್ ಅವರಿಗೆ ಕಡಿಮೆ ಹೊತ್ತಿನಲ್ಲಿ ರಾಗದ ಮುಖ ತೋರಿಸುವುದು ನೀರು ಕುಡಿದಷ್ಟು ಸಲೀಸು.

ಎಲ್ಲ ಚೆನ್ನಾಗಿದೆ ಎಂದು ಹೇಳಲಾರೆ. ಡ್ರಮ್ ಮೆಷಿನ್ ಹತ್ತು ಟ್ರ್ಯಾಕಿನಲ್ಲೂ ಹೆಚ್ಚುಕಡಿಮೆ ಒಂದೇ ಹಾದಿ ತುಳಿಯುತ್ತದೆ. ಒಂದೇ ಬೈಠಕ್ಕಿನಲ್ಲಿ ಪೂರ್ತಿ ಕೇಳಿದರೆ ಕಿವಿ ಸೋಲುತ್ತದೆ. ಯಮನ್ ನನಗೆ ಸಪ್ಪೆ ಅನ್ನಿಸಿತು. ಆ ರಾಗಕ್ಕೆ ಬೇಕಾದ ಬಿಡುವು ಆ ಓಟದಲ್ಲಿ ಸಿಗುವುದಿಲ್ಲ. ತೋಡಿಯ ಗಾಂಧಾರಕ್ಕೆ ಇರಬೇಕಾದ ನೋವು ಕೀಲಿಗಳಿಗೆ ಸಿಕ್ಕಿಲ್ಲ. ಅದೇ ಭೈರವ್, ಕಲಾವತಿ, ಬೈರಾಗಿ ಹೊಳೆಯುತ್ತವೆ. ಏಳೂ ಸ್ವರ ಇರುವ ಭೈರವ್ ಬಿಟ್ಟರೆ, ಸ್ವರಗಳು ಕಡಿಮೆ ಇರುವ, ಜಿಗಿತ ಜಾಸ್ತಿ ಇರುವ ರಾಗಗಳು ಈ ಯಂತ್ರಗಳಿಗೆ ಒಪ್ಪುತ್ತವೆ. ಕಲಾವತಿಯಲ್ಲಿ ಗಾಂಧಾರದಿಂದ ಪಂಚಮಕ್ಕೆ ಹಾರುವ ಜಾಗದಲ್ಲಿ ಬೇಸೂ ಜೊತೆಗೆ ಹಾರಿದಾಗ ಎದ್ದು ಕುಣಿಯಬೇಕು ಅನ್ನಿಸುತ್ತದೆ. ವಲಜಿಗೆ ಕುಣಿಸುವ ಗುಣ ಇದೆ ಎಂದು ನನಗೆ ಯಾವ ಕಚೇರಿಯೂ ಹೇಳಿಕೊಟ್ಟಿರಲಿಲ್ಲ.

ಮರುಬಿಡುಗಡೆ ಆದ ಮೇಲೆ ಚರಣ್‌ಜಿತ್ ಅವರಿಗೆ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯೂರೋಪಿನಿಂದ ಕರೆ ಬಂತು. ಮೊಮ್ಮಕ್ಕಳ ವಯಸ್ಸಿನ ಹುಡುಗ ಹುಡುಗಿಯರು ತುಂಬಿದ ಕ್ಲಬ್ಬುಗಳಲ್ಲಿ, ಉತ್ಸವಗಳಲ್ಲಿ ಅದೇ ರಾಗಗಳನ್ನು ನುಡಿಸಿದರು. ಅದರ ವೀಡಿಯೊ ನೋಡಿ. ಕೂದಲು ನರೆತಿದೆ, ಮುಖದಲ್ಲಿ ಯಾವ ಆಡಂಬರವೂ ಇಲ್ಲ, ಕಣ್ಣು ಕೀಲಿಗಳ ಮೇಲೆ. ರೆಕಾರ್ಡಿಂಗಿಗೆ ಬಂದ ಕಲಾವಿದ ಟೇಕ್ ಕೊಡುತ್ತಿರುವ ಹಾಗೆ ಕೆಲಸದಲ್ಲಿ ಮುಳುಗಿದ್ದಾರೆ. ಎದುರಿಗೆ ಜನ ಕುಣಿಯುತ್ತಿದ್ದಾರೆ. 2015ರ ಜುಲೈನಲ್ಲಿ ಮುಂಬೈನಲ್ಲಿ ತೀರಿಕೊಂಡರು. ಅವರ ಜೀವಿತದಲ್ಲೇ ಈ ಮರ್ಯಾದೆ ಸಿಕ್ಕಿತಲ್ಲ ಎಂಬುದು ದೊಡ್ಡ ಸಮಾಧಾನ. ಆ ಮರ್ಯಾದೆ ಇಲ್ಲಿಂದ ಮೊದಲು ಹೋಗಲಿಲ್ಲ ಎಂಬುದು ನನಗೆ ಈಗಲೂ ಚುಚ್ಚುತ್ತದೆ. ರೆಕಾರ್ಡ್ ನಮ್ಮ ಅಂಗಡಿಯಲ್ಲೇ ಇತ್ತು, ರಾಗ ನಮ್ಮ ಮನೆಯಲ್ಲೇ ಇತ್ತು.

ಹಳೇ ಎಲ್‌ಪಿಗಳ ಲಕೋಟೆ ತಿರುಗಿಸಿ ನೋಡಿ. ಹಾಡಿದವರು, ಬರೆದವರು, ಸಂಗೀತ ನಿರ್ದೇಶಕರು, ಇಷ್ಟೇ ಹೆಸರು. ಪಿಟೀಲಿನವರು, ಬೇಸಿನವರು, ಕೊಳಲಿನವರು ಯಾರೂ ಇಲ್ಲ. ಕನ್ನಡದ ಹಾಡುಗಳೂ ಎಷ್ಟೋ ಕಾಲ ಮದ್ರಾಸಿನಲ್ಲೇ ರೆಕಾರ್ಡ್ ಆದವು, ಅಲ್ಲಿ ನುಡಿಸಿದ ಕೈಗಳ ಹೆಸರು ನಮಗೆ ತಲುಪಲೇ ಇಲ್ಲ. ಅವರಲ್ಲಿ ಎಷ್ಟು ಜನ ಮನೆಯಲ್ಲಿ ತಮ್ಮ ಪಾಡಿಗೆ ಏನೇನು ನುಡಿಸಿಕೊಂಡಿದ್ದರೋ. ಚರಣ್‌ಜಿತ್ ಅವರು ಅದನ್ನು ರೆಕಾರ್ಡ್ ಮಾಡಿಬಿಟ್ಟರು, ಅಷ್ಟೇ ವ್ಯತ್ಯಾಸ.

ಕೇಳಬೇಕು ಅನ್ನುವವರಿಗೆ ನನ್ನ ಸಲಹೆ ಇದು. ಒಂದೇ ಸಲ ಹತ್ತೂ ಕೇಳಬೇಡಿ. ದಿನಕ್ಕೊಂದು ರಾಗ ಸಾಕು. ಒಳ್ಳೆ ಹೆಡ್‌ಫೋನ್ ಇರಲಿ, ಫೋನಿನ ಸ್ಪೀಕರಿನಲ್ಲಿ ಬೇಸ್ ಕೇಳುವುದೇ ಇಲ್ಲ. ಮೊದಲ ಸಲ ಬೇಸನ್ನು ಮರೆತು ಮೇಲಿನ ಸ್ವರ ಹಿಡಿಯಿರಿ, ಎರಡನೇ ಸಲ ಮೇಲಿನದನ್ನು ಬಿಟ್ಟು ಬೇಸ್ ಹಿಡಿಯಿರಿ. ಸಂಗೀತ ಕಲಿತಿದ್ದರೆ ಜೊತೆಗೆ ಸ್ವರ ಹಾಡಿ ನೋಡಿ, ಸುಮ್ನೆ ಕೂತು ಕೇಳುವುದಕ್ಕಿಂತ ಅದರಲ್ಲಿ ಮಜಾ ಜಾಸ್ತಿ. ನಾನು ಕಲಾವತಿಯಿಂದ ಶುರು ಮಾಡಿ ಎನ್ನುತ್ತೇನೆ. ಮಾಮ ಒಪ್ಪುವುದಿಲ್ಲ. ಮೊದಲು ಮಾಲ್‌ಕೌಂಸ್ ಕೇಳಬೇಕು, ಹಿಂದೋಳ ಹಾಳು ಮಾಡುವುದಕ್ಕೆ ಯಾವ ಮೆಷಿನ್ನಿಗೂ ಆಗಲ್ಲ ಅನ್ನುವುದು ಅವರ ವಾದ.